ಮೂರ್ನಾಲ್ಕು ಸಲ ಕೂತು ಬರೆಯುವ ಅರ್ಜಿ: ಡಿವಿ ಕೇಸುಗಳಲ್ಲಿ ನನ್ನ ಅನುಭವ

ಡಿವಿ ಕೇಸಿಗೆ, ಅಂದರೆ ಕೌಟುಂಬಿಕ ಹಿಂಸೆಯ ಕೇಸಿಗೆ, ಬಂದ ಹೆಣ್ಣುಮಗಳ ಹೇಳಿಕೆಯನ್ನು ನಾನು ಒಂದೇ ಸಲ ಕೂತು ಬರೆದುಕೊಳ್ಳುವುದಿಲ್ಲ. ಮೂರೋ ನಾಲ್ಕೋ ಸಲ ಕರೆಸುತ್ತೇನೆ. ಪ್ರತಿ ಸಲ ಮುಕ್ಕಾಲು ಗಂಟೆ, ಅದಕ್ಕಿಂತ ಜಾಸ್ತಿ ಇಲ್ಲ. "ಮದುವೆ ಯಾವಾಗ ಆಯ್ತು, ಆಮೇಲೆ ಏನಾಯ್ತು" ಅಂತ ಸಾಲಾಗಿ ಕೇಳುವುದೂ ಇಲ್ಲ. ಆರೇಳು ವರ್ಷದಿಂದ ಬಾಗಲಕೋಟೆ ಜಿಲ್ಲೆಯಲ್ಲಿ ಹೀಗೇ ನಡೆಸಿಕೊಂಡು ಬಂದಿದ್ದೇನೆ. ಶುರುವಿನಲ್ಲಿ ಬಾರ್ ರೂಮಿನಲ್ಲಿ ಮಾತು ಎದ್ದಿತ್ತು: "ಮೇಡಮ್ಮಾರು ವಕೀಲಿ ಬಿಟ್ಟು ಸಮಾಜಸೇವಾ ಹಿಡದಾರ." ಅದು ಹೋಗಲಿ. ಒಬ್ಬ ಹಿರಿಯರ ತಕರಾರು ಮಾತ್ರ ಗಟ್ಟಿಯಾಗಿತ್ತು. "ಇಷ್ಟ ಸಲ ಕರಸ್ಕೊಂಡ್ರ ವಕೀಲರು ಕಥಿ ಕಟ್ಟಿ ಕಲಿಸ್ಯಾರ ಅಂತ ಪಾಟೀಸವಾಲಿನ್ಯಾಗ ಹಿಡೀತಾರ ನೋಡ್ರಿ" ಅಂದಿದ್ದರು. ಪಾಟೀಸವಾಲು ಅಂದರೆ ಸಾಕ್ಷಿಗೆ ಎದುರಿನ ವಕೀಲರು ಹಾಕುವ ಪ್ರಶ್ನೆಗಳು. ಅದೇ ಹಿರಿಯರು ಹೋದ ವರ್ಷ ತಮ್ಮ ಜೂನಿಯರ್‌ಗೆ "ಅವರ ಆಫೀಸಿನ್ಯಾಗ ಕೂತು ನೋಡಿ ಬಾ" ಅಂತ ಹೇಳಿ ಕಳಿಸಿದರು. ಹಾಗಾಗಿ ಬರೆಯುವ ಧೈರ್ಯ ಬಂದಿದೆ. 2005ರ ಕೌಟುಂಬಿಕ ಹಿಂಸೆ ಕಾಯ್ದೆಯ ಕಲಂ 12, 19, 23 ಎಲ್ಲ ವಕೀಲರಾದ ನಿಮಗೆ ಬಾಯಿಪಾಠ ಇರುತ್ತವೆ, ಅವನ್ನು ಬಿಡುತ್ತೇನೆ.

ಮೊದಲು ನಾವೆಲ್ಲ ಮಾಡುವ ಹಾಗೇ ನಾನೂ ಮಾಡುತ್ತಿದ್ದೆ. ಒಂದು ಮಧ್ಯಾಹ್ನ ಕೂರಿಸಿ, ಅಪ್ಪನನ್ನೋ ಅಣ್ಣನನ್ನೋ ಪಕ್ಕದಲ್ಲಿಟ್ಟುಕೊಂಡು, ಎರಡು ಗಂಟೆಯಲ್ಲಿ ಎಲ್ಲ ಬರೆದುಕೊಂಡು ಟೈಪಿಗೆ ಕೊಡುವುದು. ಅರ್ಧ ಕಥೆ ಅಣ್ಣನೇ ಹೇಳುತ್ತಿದ್ದ. ಅರ್ಜಿ ನೋಡಲು ಚೆಂದ ಇರುತ್ತಿತ್ತು. ಪಾಟೀಸವಾಲಿಗೆ ನಿಂತಾಗ ಆಕೆಗೆ ಅರ್ಜಿಯಲ್ಲಿ ಏನಿದೆ ಅಂತಲೇ ಗೊತ್ತಿರುತ್ತಿರಲಿಲ್ಲ. ಹತ್ತು ಜನರಲ್ಲಿ ಐದಾರು ಜನ ಎರಡು ಮೂರು ತಾರೀಖಿನ ನಂತರ ಬರುವುದನ್ನೇ ಬಿಡುತ್ತಿದ್ದರು. ಊರ ಹಿರಿಯರ ರಾಜಿ ಅಂತ ನಾವು ಅಂದುಕೊಳ್ಳುತ್ತಿದ್ದೆವು. ಎಷ್ಟೋ ಜನ ನಮ್ಮ ಆಫೀಸಿನ ಆ ಎರಡು ಗಂಟೆಗೇ ಹೆದರಿ ಬಿಟ್ಟಿದ್ದರು ಅನ್ನುವುದು ಆಮೇಲೆ ಅವರ ಬಾಯಿಂದಲೇ ತಿಳಿಯಿತು. ಈಗ ಹತ್ತರಲ್ಲಿ ಇಬ್ಬರು ಬಿಡಬಹುದು, ಅಷ್ಟೇ.

ನಡುವೆ ಹಲವು ದಾರಿ ನೋಡಿದೆ. ಪ್ರಶ್ನೆಗಳ ಫಾರಂ ಮುದ್ರಿಸಿದೆ. ಎಲ್ಲ ಕಡೆ "ಹೌದು" ಅಂತ ಟಿಕ್ ಬಿತ್ತು, ಕೆಲಸಕ್ಕೆ ಬರಲಿಲ್ಲ. ಮೊಬೈಲ್‌ನಲ್ಲಿ ರೆಕಾರ್ಡ್ ಮಾಡಿದೆ. ಫೋನ್ ಕಂಡ ಕೂಡಲೇ ದನಿ ಬದಲಾಗುತ್ತದೆ, ಠಾಣೆಯಲ್ಲಿ ಕೂತ ಹಾಗೆ ಉತ್ತರ ಬರುತ್ತದೆ. ಒಂದು ಕೈಪಿಡಿ ನೋಡಿ ಉಸಿರಾಟದ ವ್ಯಾಯಾಮ ಮಾಡಿಸಿದೆ. ಹೊಲದಿಂದ ನೇರ ಬಂದ ಹೆಣ್ಣುಮಗಳಿಗೆ ಕಣ್ಣು ಮುಚ್ಚಿ ಉಸಿರು ಎಳಿ ಅಂದರೆ ಮುಜುಗರ, ಕಣ್ಣು ಮುಚ್ಚುವುದೇ ಕೆಲವರಿಗೆ ಭಯ. ಕೊನೆಗೆ ನಡೆದದ್ದು ಶೇಂಗಾ. ಮೇಜಿನ ಮೇಲೆ ಒಂದು ಮೊರ ಶೇಂಗಾ ಇಟ್ಟು "ಸುಲಿತಾ ಸುಲಿತಾ ಮಾತಾಡೋಣ ಬಾರವ್ವಾ" ಅಂದರೆ ಕೈಗೆ ಕೆಲಸ ಸಿಗುತ್ತದೆ. ನನ್ನ ಮುಖ ನೋಡುವ ಪಾಡು ಇರುವುದಿಲ್ಲ. ಮಾತು ಬೇಡ ಅನ್ನಿಸಿದಾಗ ಸುಮ್ನೆ ಸುಲಿಯಬಹುದು. ಫೈಲಿನಲ್ಲೆಲ್ಲ ಸಿಪ್ಪೆ ಅಂತ ಗುಮಾಸ್ತ ಗೊಣಗುತ್ತಾನೆ. ಗೊಣಗಲಿ.

ಈಗಿನ ಕ್ರಮ ಹೀಗಿದೆ. ಮೊದಲ ಸಲ ಹೊಡೆತದ ಮಾತೇ ಎತ್ತುವುದಿಲ್ಲ. ರಾತ್ರಿ ಎಲ್ಲಿ ಮಲಗುತ್ತೀರಿ, ಮಕ್ಕಳು ಎಲ್ಲಿದ್ದಾರೆ, ಆಧಾರ್ ಕಾರ್ಡ್ ಯಾರ ಹತ್ತಿರ ಇದೆ, ಫೋನ್ ಯಾರು ನೋಡುತ್ತಾರೆ, ಇಷ್ಟೇ. ಜೊತೆಗೆ ಬಂದವರನ್ನು ಚಹಾಕ್ಕೆ ಕಳಿಸುತ್ತೇನೆ. ಅದೇ ದಿನ ರಕ್ಷಣೆ ಬೇಕು ಅನ್ನುವ ಸ್ಥಿತಿ ಇದ್ದರೆ ಕಾಯುವುದಿಲ್ಲ. ಇತ್ತೀಚಿನ ಒಂದೆರಡು ಘಟನೆ ಮಾತ್ರ ಹಾಕಿ, ನಮೂನೆ 3ರ ಪ್ರಮಾಣಪತ್ರದ (ಅಫಿಡವಿಟ್) ಮೇಲೆ ಕಲಂ 23ರಲ್ಲಿ ಮಧ್ಯಂತರ ಆದೇಶ ಕೇಳುತ್ತೇನೆ. "ಉಳಿದ ವಿವರ ಸಾಕ್ಷ್ಯದಲ್ಲಿ ಬರುತ್ತದೆ" ಅಂತ ಅರ್ಜಿಯಲ್ಲೇ ಒಂದು ಸಾಲು ಬರೆಯುತ್ತೇನೆ. ಆ ಸಾಲು ಮರೆಯಬೇಡಿ. ಮುಂದೆ "ಇದನ್ನು ಮೊದಲು ಯಾಕೆ ಹೇಳಲಿಲ್ಲ" ಅಂದಾಗ ಅದೇ ಕಾಯುತ್ತದೆ.

ಎರಡನೆಯ ಸಲಕ್ಕೆ ಮೊದಲು ಹಳೆಯ ಕಾಗದ ಎಲ್ಲ ತರಿಸುತ್ತೇನೆ. ನಮ್ಮ ಹತ್ತಿರ ಬರುವ ಹೊತ್ತಿಗೆ ಆಕೆ ಆಗಲೇ ಮೂರ್ನಾಲ್ಕು ಕಡೆ ಹೇಳಿಕೊಂಡಿರುತ್ತಾಳೆ. ಠಾಣೆಯ ಅರ್ಜಿ, ಹೆಣ್ಣುಮಕ್ಕಳ ನೆರವಿಗಿರುವ ಸಾಂತ್ವನ ಅಥವಾ ಸಖಿ ಕೇಂದ್ರದ ಕಾಗದ, ರಕ್ಷಣಾಧಿಕಾರಿಯಾದ ಸಿಡಿಪಿಒ (ಶಿಶು ಅಭಿವೃದ್ಧಿ ಯೋಜನಾಧಿಕಾರಿ) ಕಚೇರಿಯಲ್ಲಿ ತುಂಬಿದ ಡಿಐಆರ್ (ಕೌಟುಂಬಿಕ ಹಿಂಸೆಯ ವರದಿ), ಆಸ್ಪತ್ರೆಯಲ್ಲಿ "ಜಾರಿ ಬಿದ್ದೆ" ಅಂತ ಬರೆಸಿದ ಚೀಟಿ. ಒಂದರಲ್ಲಿದ್ದದ್ದು ಇನ್ನೊಂದರಲ್ಲಿ ಇರುವುದಿಲ್ಲ. ಎದುರಿನ ವಕೀಲರಿಗೆ ಬೇಕಾಗಿರುವುದೇ ಅದು. ನಾನು ದೊಡ್ಡ ಹಾಳೆಯಲ್ಲಿ ನಾಲ್ಕು ಅಂಕಣ ಹಾಕಿ ಪಕ್ಕಪಕ್ಕ ಬರೆಯುತ್ತೇನೆ. ವ್ಯತ್ಯಾಸ ಕಂಡಲ್ಲಿ "ಯಾಕೆ ಸುಳ್ಳು ಬರೆಸಿದಿ" ಅಂತ ಕೇಳುವುದಿಲ್ಲ. "ಚೀಟಿ ಬರೆಸುವಾಗ ಪಕ್ಕದಲ್ಲಿ ಯಾರಿದ್ದರು" ಅಂತ ಕೇಳುತ್ತೇನೆ. ಬಹಳ ಸಲ ಬರುವ ಉತ್ತರ "ನಮ್ಮ ಅತ್ತಿ". ಆ ಉತ್ತರವನ್ನು ಮುಖ್ಯ ವಿಚಾರಣೆಯ ಪ್ರಮಾಣಪತ್ರದಲ್ಲಿ ನಾನೇ ಮೊದಲು ಬರೆದುಬಿಡುತ್ತೇನೆ. ವ್ಯತ್ಯಾಸವನ್ನು ನಾವೇ ಮುಂದಿಟ್ಟ ಮೇಲೆ ಎದುರಿನವರಿಗೆ ಹಿಡಿಯಲು ಏನು ಉಳಿಯುತ್ತದೆ?

ತಾರೀಖಿನ ವಿಷಯಕ್ಕೆ ಬರುತ್ತೇನೆ. ಏಟು ತಿಂದವರಿಗೆ ತಾರೀಖು ನೆನಪಿರುವುದಿಲ್ಲ. ನೆನಪು ತುಂಡು ತುಂಡಾಗಿರುತ್ತದೆ. ಆದರೆ ಸದ್ದು, ವಾಸನೆ, ಒಲೆಯ ಮೇಲೆ ಏನಿತ್ತು ಅನ್ನುವುದು ಗಟ್ಟಿ ಇರುತ್ತದೆ. ನಾನು ಹಬ್ಬದ ಮೇಲೆ ಹೋಗುತ್ತೇನೆ: ಪಂಚಮಿಗೆ ತವರಿಗೆ ಕಳಿಸಿದ್ದರಾ, ಎಳ್ಳ ಅಮಾವಾಸ್ಯೆಗೆ ಚರಗ ಚೆಲ್ಲಲು ಹೋಗಿದ್ದಿರಾ, ಬನಶಂಕರಿ ಜಾತ್ರೆಗೆ ಮೊದಲಾ ಆಮೇಲಾ. ಹೊಳೆ ದಂಡೆಯ ಊರಿನವರಿಗೆ 2019ರ ಆಗಸ್ಟ್‌ನ ಪ್ರವಾಹ ದೊಡ್ಡ ಗುರುತು. "ಹೊಳಿ ಬಂದಾಗ ಗಂಜಿ ಕೇಂದ್ರದಾಗ ಇದ್ವಿ, ಅಲ್ಲೂ ಹೊಡದ" ಅಂತ ಒಬ್ಬಾಕೆ ಹೇಳಿದ್ದರು. ಗಂಜಿ ಕೇಂದ್ರದಲ್ಲಿ ನೋಡಿದವರು ಇರುತ್ತಾರೆ. ಹಾಗೆ ಸಾಕ್ಷಿಯೂ ಸಿಕ್ಕಿತು.

ನನ್ನ ಪದ್ಧತಿಯ ಮೇಲೆ ಜನರಿಗೆ ನಂಬಿಕೆ ಬಂದದ್ದು ಇಳಕಲ್ ಕಡೆಯ ಒಂದು ನೇಕಾರ ಮನೆಯ ಕೇಸಿನಿಂದ. ಗುರುತು ಸಿಗದ ಹಾಗೆ ಕೆಲವು ವಿವರ ಬದಲಿಸಿದ್ದೇನೆ. ಆಕೆಯ ಕೈ ಮುರಿದಿತ್ತು. ಯಾವಾಗ ಅಂದರೆ "ದಿನಾ ಹೊಡಿತಿದ್ರಿ, ಯಾವತ್ತಂತ ಹೇಳ್ಲಿ" ಅನ್ನುವುದು. ಮೂರನೆಯ ಸಲ ಕೂತಾಗ ಕೇಳಿದೆ: "ಕೈ ಮುರದ ದಿನ ಮಗ್ಗದ ಮ್ಯಾಲ ಏನಿತ್ತವ್ವಾ?" ಆಕೆ ಶೇಂಗಾ ಬಿಟ್ಟು ತಲೆ ಎತ್ತಿದರು. "ಚಿಕ್ಕಿಪರಾಸ ದಡಿ ಸೀರಿ ರೀ ಅಕ್ಕಾರ. ಸೆರಗ ಅಷ್ಟ ಉಳಿದಿತ್ತು. ನನ್ನ ಕೈ ಹಿಂಗಾತಲ್ರಿ, ನಮ್ಮ ನೆಗೆಣ್ಣಿ ನೇಯ್ದು ಮುಗಿಸಿ ಕೊಟ್ಲು." ಸೀರೆ ಮಾಲೀಕರಿಗೆ ಹೋಗಿತ್ತು. ಮಾಲೀಕರ ಮಜೂರಿ ಪುಸ್ತಕದಲ್ಲಿ ಆ ಸೀರೆ ಒಪ್ಪಿಸಿದ ದಿನ ಇತ್ತು, ಕೊಟ್ಟವರು ನೆಗೆಣ್ಣಿ (ವಾರಗಿತ್ತಿ) ಅಂತಲೂ ಇತ್ತು. ಎಕ್ಸ್‌ರೇ ಅದಕ್ಕೆ ಎರಡು ದಿನ ಹಿಂದಿನದು. ನೆಗೆಣ್ಣಿ ಬಂದು ಸಾಕ್ಷಿ ಹೇಳಿದರು.

ಪಾಟೀಸವಾಲು ಎರಡು ಗಂಟೆ ನಡೆಯಿತು ಅಂತ ನೆನಪು. ಹಿರಿಯರು ಎಚ್ಚರಿಸಿದ್ದ ಪ್ರಶ್ನೆಯೇ ಬಂತು: "ವಕೀಲರ ಆಫೀಸಿಗೆ ಎಷ್ಟು ಸಲ ಹೋಗಿದ್ದೀರಿ?" ಆಕೆ "ನಾಕ ಸಲ ರೀ. ಒಮ್ಮಿಗೇ ಹೇಳಾಕ ಆಗಲಿಲ್ಲ" ಅಂದರು. ಅಷ್ಟೇ ಉತ್ತರ. ಹಾಗೇ ದಾಖಲಾಯಿತು. ನಾನು ಕಲಿಸಿದ ಮಾತಲ್ಲ ಅದು. ನಾನು ಹೇಳಿಕೊಡುವುದು ಇಷ್ಟೇ: ಪ್ರಶ್ನೆ ತಿಳಿಯದಿದ್ದರೆ ತಿಳಿಯಲಿಲ್ಲ ಅನ್ನಿ, ನೆನಪಿಲ್ಲದಿದ್ದರೆ ನೆನಪಿಲ್ಲ ಅನ್ನಿ, ನೀರು ಬೇಕಾದರೆ ಕೇಳಿ. ಸಾಕ್ಷಿಯ ಹಿಂದಿನ ವಾರ ಊಟದ ಬಿಡುವಿನಲ್ಲಿ ಖಾಲಿ ಕೋರ್ಟ್ ಹಾಲ್ ತೋರಿಸಿ, ಸಾಹೇಬರು ಎಲ್ಲಿ ಕೂರುತ್ತಾರೆ, ಗಂಡ ಎಲ್ಲಿ ನಿಲ್ಲುತ್ತಾನೆ ಅಂತ ಹೇಳಿರುತ್ತೇನೆ. ಕಲಂ 16ರಲ್ಲಿ ಗೌಪ್ಯ ವಿಚಾರಣೆಗೆ ಮೆಮೊ (ಚಿಕ್ಕ ಲಿಖಿತ ಮನವಿ), ಕೂತು ಸಾಕ್ಷಿ ಹೇಳಲು ಇನ್ನೊಂದು. ಗಂಡನ ಕಣ್ಣು ತಪ್ಪಿಸಿ ಸಾಕ್ಷಿ ನಿಲ್ಲಿಸುವ ಒಂದು ಉಪಾಯ ಇದೆ, ಯಾವ ಮೆಮೊನೂ ಬೇಕಿಲ್ಲ. ಅದನ್ನು ಇಲ್ಲಿ ಬರೆಯುವುದಿಲ್ಲ. ಮೂರನೆಯ ಸಲ ಕೂತಾಗ ಕೇಳುವ ಮೊದಲ ಪ್ರಶ್ನೆಯನ್ನೂ ಬರೆಯುವುದಿಲ್ಲ. ಎದುರು ಪಕ್ಷದವರೂ ಓದುತ್ತಾರೆ. ಜೂನಿಯರ್‌ಗಳು ಆಫೀಸಿಗೆ ಬಂದರೆ ತೋರಿಸುತ್ತೇನೆ.

ಆ ಕೇಸಿನಲ್ಲಿ ಮನೆಯಲ್ಲಿರುವ ಹಕ್ಕು ಸಿಕ್ಕಿತು, ತಿಂಗಳಿಗೆ ಏಳೆಂಟು ಸಾವಿರ ಜೀವನಾಂಶವೂ ಆಯಿತು. ಅದೂ ಅರ್ಜಿ ಹಾಕಿದ ದಿನದಿಂದ. ಜೀವನಾಂಶವನ್ನು ಅರ್ಜಿಯ ದಿನದಿಂದಲೇ ಕೊಡಿಸಬೇಕು ಅನ್ನುವ ಸುಪ್ರೀಂ ಕೋರ್ಟಿನ 2020ರ ರಜನೀಶ್ ವಿರುದ್ಧ ನೇಹಾ ತೀರ್ಪು ಇದ್ದದ್ದರಿಂದ ಅದಕ್ಕೆ ವಾದ ಬೇಕಾಗಲಿಲ್ಲ. ಆಕೆ ಸಾಕ್ಷಿ ಹೇಳುವಾಗ ಒಮ್ಮೆಯೂ ಅಳಲಿಲ್ಲ, ದನಿ ಏರಲಿಲ್ಲ. "ಇಷ್ಟು ಆರಾಮಾಗಿ ಹೇಳ್ತಾಳೆ ಅಂದ್ರೆ ಸುಳ್ಳೇ" ಅಂತ ಎದುರಿನವರು ವಾದಿಸಿದರು. ವರ್ಷಗಟ್ಟಲೆ ಹೊಡೆತ ತಿಂದವರು ಹೀಗೆ ಸಪ್ಪೆ ದನಿಯಲ್ಲಿ ಹೇಳುವುದು ಸಾಮಾನ್ಯ. ನಮ್ಮಲ್ಲಿ ಅನೇಕರು ಇನ್ನೂ ಕಣ್ಣೀರನ್ನೇ ಪುರಾವೆ ಅಂದುಕೊಂಡಿದ್ದಾರೆ. ಇದು ನನಗೆ ತುಂಬಾ ಸಿಟ್ಟು ತರಿಸುವ ವಿಷಯ.

ಈಗ ದುಡ್ಡು. ಮೊದಲ ವರ್ಷ ನನ್ನ ಆದಾಯ ಮೂರರಲ್ಲಿ ಒಂದು ಪಾಲು ಇಳಿಯಿತು. ಒಂದು ಅರ್ಜಿಗೆ ಹೋಗುತ್ತಿದ್ದ ಸಮಯ ಎರಡರಷ್ಟಾಯಿತು, ಫೀ ಮಾತ್ರ ಅಷ್ಟೇ. ಆಫೀಸಿನ ಮೂಲೆಗೆ ಪ್ಲೈವುಡ್ ಗೋಡೆ ಹಾಕಿಸಲು ಹದಿನೆಂಟು ಇಪ್ಪತ್ತು ಸಾವಿರ ಖರ್ಚಾಯಿತು. ಬಾಡಿಗೆ ಕಟ್ಟಿದ್ದು ಚೆಕ್ ಬೌನ್ಸ್ ಮತ್ತು ಎಂವಿಸಿ (ವಾಹನ ಅಪಘಾತ ಪರಿಹಾರ) ಕೇಸುಗಳು. ಮೊದಲು ಹದಿನೈದು ಸಾವಿರ ಮುಂಗಡ ಕೇಳುತ್ತಿದ್ದೆ. ಈಗ ಅರ್ಜಿ ಹಾಕುವಾಗ ಮೂರು ಸಾವಿರ, ಮಧ್ಯಂತರ ಆದೇಶದ ನಂತರ ಕಂತು. ವಿಚಿತ್ರ ಅಂದರೆ ವಸೂಲಿ ಜಾಸ್ತಿಯಾಗಿದೆ, ಯಾಕೆಂದರೆ ಪಕ್ಷಗಾರರು ಮೊದಲಿನಷ್ಟು ನಡುವೆ ಬಿಟ್ಟು ಹೋಗುವುದಿಲ್ಲ. ಮೂರು ಸಾವಿರವೂ ಇಲ್ಲದವರನ್ನು ಜಿಲ್ಲಾ ಕಾನೂನು ಸೇವಾ ಪ್ರಾಧಿಕಾರಕ್ಕೆ ಕಳಿಸುತ್ತೇನೆ. 1987ರ ಕಾನೂನು ಸೇವಾ ಪ್ರಾಧಿಕಾರಗಳ ಕಾಯ್ದೆಯಲ್ಲಿ ಉಚಿತ ಕಾನೂನು ನೆರವಿಗೆ ಹೆಣ್ಣುಮಕ್ಕಳಿಗೆ ಆದಾಯದ ಮಿತಿಯೇ ಇಲ್ಲ ಅಲ್ವಾ. ಇನ್ನೊಂದು ಮಾತು. 2023ರ ಜೂನ್‌ನಲ್ಲಿ ಶಕ್ತಿ ಯೋಜನೆ ಬಂದ ಮೇಲೆ ಬಸ್ ಚಾರ್ಜಿನ ಚಿಂತೆ ಹೋಯಿತು. ಅದಕ್ಕೆ ಮೊದಲು ನಾಲ್ಕು ಸಲ ಬರಲು ಎಷ್ಟೋ ಜನರಿಗೆ ನಾನೇ ಕೈಯಿಂದ ಕೊಡುತ್ತಿದ್ದೆ.

ಫೋನ್ ಬಗ್ಗೆ ಎಚ್ಚರ. ನಾನಾಗಿ ಯಾರಿಗೂ ಫೋನ್ ಮಾಡುವುದಿಲ್ಲ, ವಾಟ್ಸಾಪ್‌ನಲ್ಲಿ ಏನೂ ಕಳಿಸುವುದಿಲ್ಲ. ಆಕೆ ಮಿಸ್ ಕಾಲ್ ಕೊಟ್ಟರೆ ಮಾತ್ರ ತಿರುಗಿ ಮಾಡುವುದು. ಕಾಗದದ ಒಂದು ಪ್ರತಿಯೂ ಗಂಡನ ಮನೆಗೆ ಹೋಗಬಾರದು.

ನಮ್ಮ ಟೈಪಿಸ್ಟ್ ಹುಡುಗಿಯ ವಿಷಯ ಹೇಳಲೇಬೇಕು. ಒಂದು ವಾರ ಸಾಲಾಗಿ ಇಂಥ ಪ್ರಮಾಣಪತ್ರಗಳನ್ನು ಟೈಪ್ ಮಾಡಿದ ಮೇಲೆ ಅವಳು ಮಧ್ಯಾಹ್ನದ ಡಬ್ಬಿ ಬಿಚ್ಚುವುದನ್ನೇ ಬಿಟ್ಟಳು. "ನಿದ್ದಿ ಬರವಲ್ದು ಮೇಡಂ" ಅಂದಳು. ಈಗ ದಿನಕ್ಕೆ ಒಂದೇ ಡಿವಿ ಕಾಗದ, ಅದೂ ಬೆಳಗ್ಗೆ. ಸಂಜೆ ಹೋಗುವ ಮೊದಲು ಚೆಕ್ ಬೌನ್ಸ್ ನೋಟಿಸ್ ಕೊಡುತ್ತೇನೆ. ನನಗೂ ಅದೇ ನಿಯಮ. ಸಖಿ ಕೇಂದ್ರದ ಆಪ್ತ ಸಮಾಲೋಚಕರ ಜೊತೆ ತಿಂಗಳಿಗೊಮ್ಮೆ ನಾವಿಬ್ಬರೂ ಕೂತು ಮಾತಾಡುತ್ತೇವೆ.

ಸದ್ಯ ತಲೆ ತಿನ್ನುತ್ತಿರುವುದು ಜೀವನಾಂಶದ ವಸೂಲಿ. ಆದೇಶ ಆದ ಮೇಲೂ ಬಾಕಿಗಾಗಿ ಪ್ರತಿ ತಿಂಗಳು ಕೋರ್ಟಿಗೆ ಬಂದು ಅದೇ ಗಂಡನ ಮುಖ ನೋಡಬೇಕು. ಹೀಗಾದರೆ ಚೇತರಿಸಿಕೊಳ್ಳುವುದು ಯಾವಾಗ? ಗಂಡ ಸಂಬಳದವನಾದರೆ ಕಲಂ 20(6)ರಲ್ಲಿ ಕೇಳಿ, ಮಾಲೀಕರಿಂದ ನೇರ ಹೆಂಡತಿಯ ಖಾತೆಗೆ ಹಾಕಿಸಬಹುದು. ಎರಡು ಮೂರು ಕೇಸುಗಳಲ್ಲಿ ಹಾಕಿಸಿದ್ದೇನೆ. ಆ ಕಲಮಿನಲ್ಲಿ ಗಂಡನಿಗೆ ಹಣ ಕೊಡಬೇಕಾದ ಸಾಲಗಾರ ಅನ್ನುವ ಮಾತೂ ಇದೆ. ಮುಧೋಳ, ಜಮಖಂಡಿ ಕಡೆ ಗಂಡನಿಗೆ ಸಂಬಳ ಇರುವುದಿಲ್ಲ, ಕಬ್ಬಿನ ಬಿಲ್ ಇರುತ್ತದೆ. ಬಿಲ್ ಪಾವತಿ ಆಗುವವರೆಗೆ ಕಾರ್ಖಾನೆಯೇ ಅವನ ಸಾಲಗಾರ ಅಂತ ನನ್ನ ವಾದ. ಒಂದು ಅರ್ಜಿ ಹಾಕಿದ್ದೇನೆ, ವಾದ ಮುಗಿದಿದೆ, ಆದೇಶಕ್ಕೆ ಇಟ್ಟಿದ್ದಾರೆ. ನಿಮ್ಮಲ್ಲಿ ಯಾರಾದರೂ ಹೀಗೆ ಆದೇಶ ತೆಗೆದುಕೊಂಡಿದ್ದರೆ ಪ್ರತಿ ಕಳಿಸಿ.