ಮೌಂಟನ್ ಆಶ್ ನೆಡುವ ಮುಂಚೆ ನಾಲ್ಕು ಮಾತು

ಅಮೆರಿಕದ ಮಿನ್ನೆಸೋಟ ರಾಜ್ಯದ ಉತ್ತರ ಭಾಗದಲ್ಲಿ, ಡುಲೂತ್ ಕಡೆ ಮನೆ ಮಾಡಿದ ನಮ್ಮ ಹುಡುಗರು ಅಂಗಳಕ್ಕೆ ಯಾವ ಮರ ಹಾಕೋಣ ಅಂತ ಕೇಳಿದರೆ ನಾನು ಮೌಂಟನ್ ಆಶ್ ಅನ್ನುತ್ತೇನೆ. ಲೇಕ್ ಸುಪೀರಿಯರ್ ದಂಡೆಯ ಕಾಡಲ್ಲಿ ತಾನಾಗಿಯೇ ಬೆಳೆಯುವ ಮರ. ಎಲೆ ಕರಿಬೇವಿನ ಹಾಗೆ ಸಾಲಾಗಿ ಇರುತ್ತದೆ, ಜೂನ್ ಹೊತ್ತಿಗೆ ಬಿಳಿ ಹೂಗೊಂಚಲು, ಆಮೇಲೆ ಕೆಂಪು ಹಣ್ಣು. ಹೆಸರಲ್ಲಿ ಆಶ್ ಇದ್ದರೂ ಇದು ಸೇಬಿನ ಬಳಗದ್ದು. ಹಾಗಾಗಿ ಆಶ್ ಮರಗಳನ್ನೆಲ್ಲ ಸಾಯಿಸುತ್ತಿರುವ ಎಮರಾಲ್ಡ್ ಆಶ್ ಬೋರರ್ ಹುಳು ಇದರ ತಂಟೆಗೆ ಬರುವುದಿಲ್ಲ, ಸೇಬಿನ ಕಾಯಿಲೆಗಳು ಮಾತ್ರ ಬರುತ್ತವೆ.

ಕೊಳ್ಳುವಾಗ ಮೊಗ್ಗು ಮುಟ್ಟಿ ನೋಡಿ. ಎಲೆಮೊಗ್ಗು ಮಿರಮಿರ ಮಿಂಚುತ್ತಾ ಬೆರಳಿಗೆ ಅಂಟಿದರೆ ಇಲ್ಲಿಯ ಜಾತಿ, ಬಿಳಿ ನವಿರು ಕೂದಲು ತುಂಬಿದ್ದರೆ ಯುರೋಪಿನದು.

ಈ ಮರಕ್ಕೆ ಚಳಿ ಇಷ್ಟ, ಸೆಕೆ ಆಗೋದಿಲ್ಲ. ಬಿಸಿಲು ಬೇಕು, ಆದರೆ ಬೇರು ತಂಪಾಗಿರಬೇಕು. ಅದಕ್ಕೇ ಕಾಂಕ್ರೀಟಿನ ಪಕ್ಕ, ಬಿಸಿ ಕಾರುವ ಗೋಡೆ ಪಕ್ಕ ಬೇಡ. ಸ್ವಲ್ಪ ಹುಳಿ ಇರುವ, ತೇವ ಹಿಡಿದರೂ ನೀರು ನಿಲ್ಲದ ಮಣ್ಣು ಒಳ್ಳೆಯದು. ಗುಂಡಿ ಅಗಲ ಇರಲಿ, ಜಾಸ್ತಿ ಆಳ ಬೇಡ. ಕಾಂಡ ಅಗಲವಾಗಿ ಬೇರಿಗೆ ತಿರುಗುವ ಜಾಗ ಮಣ್ಣಿನ ಮೇಲೆ ಕಾಣಬೇಕು. ಸುತ್ತ ಮೂರು ಇಂಚು ಮರದ ಚಕ್ಕೆ ಹರಡಿ, ಕಾಂಡಕ್ಕೆ ತಾಗಿಸಬೇಡಿ. ಮೊದಲ ಎರಡು ಮೂರು ಬೇಸಿಗೆ ನೀರು ತಪ್ಪಿಸಬೇಡಿ. ಗೊಬ್ಬರ ಮಾತ್ರ ಪ್ರೀತಿಯಿಂದ ಸುರಿಯಬೇಡಿ, ಎಳೆ ಚಿಗುರು ಜಾಸ್ತಿ ಆದಷ್ಟೂ ಫೈರ್ ಬ್ಲೈಟ್ ಅನ್ನೋ ಬ್ಯಾಕ್ಟೀರಿಯಾ ರೋಗ ಸುಲಭವಾಗಿ ಹತ್ತುತ್ತದೆ. ಚಿಗುರಿನ ತುದಿ ಸುಟ್ಟ ಹಾಗೆ ಕಪ್ಪಾಗಿ ಕೊಕ್ಕೆಯಂತೆ ಬಾಗಿದ್ದರೆ ಅದೇ ರೋಗ ಅಂತ ತಿಳಿಯಿರಿ. ಮಳೆ ಇಲ್ಲದ ದಿನ ನೋಡಿ, ಕಪ್ಪಾದ ಭಾಗಕ್ಕಿಂತ ಒಂದು ಅಡಿ ಕೆಳಗೆ ಕತ್ತರಿಸಿ, ಪ್ರತಿ ಸಲ ಕತ್ತರಿಯನ್ನು ಸ್ಪಿರಿಟ್ಟಿನಲ್ಲಿ ಒರೆಸಿ. ಕತ್ತರಿಸಿದ್ದನ್ನು ಬುಡದಲ್ಲೇ ಬಿಡಬೇಡಿ. ಮಾಮೂಲಿ ಸವರುವ ಕೆಲಸ ಚಳಿಗಾಲದ ಕೊನೆಗೆ, ಚಿಗುರುವ ಮುಂಚೆ ಮುಗಿಸಿ.

ಬೇಸಿಗೆಯಲ್ಲಿ ಎಲೆ ಮಾಯವಾಗಿ ನಡುನರ ಮಾತ್ರ ಉಳಿದರೆ ಸಾಫ್ಲೈ ಅನ್ನೋ ಕೀಟದ ಮರಿಗಳು ಬಂದಿವೆ ಅಂತ ಅರ್ಥ. ಹಸಿರು ಮೈಮೇಲೆ ಕಪ್ಪು ಚುಕ್ಕೆ, ಗುಂಪಾಗಿ ತಿನ್ನುತ್ತವೆ. ಕಂಬಳಿಹುಳುವಿನ ಹಾಗೆ ಕಂಡರೂ ಅದಲ್ಲ, ಅದಕ್ಕೆ ಕಂಬಳಿಹುಳುವಿಗೆ ಸಿಂಪಡಿಸುವ ಬಿಟಿ ಔಷಧಿ ಇದಕ್ಕೆ ನಾಟುವುದಿಲ್ಲ, ದುಡ್ಡು ದಂಡ. ಸಾಬೂನು ನೀರಿನ ಡಬ್ಬಕ್ಕೆ ಉದುರಿಸಿ, ಸಾಕು.

ಚಳಿಗಾಲದಲ್ಲಿ ಎಳೆ ಮರದ ತೊಗಟೆ ಕಾಪಾಡೋದು ದೊಡ್ಡ ಕೆಲಸ. ಹಗಲು ಬಿಸಿಲಿಗೆ ಕಾದ ತೊಗಟೆ ರಾತ್ರಿ ಹಿಮಕ್ಕೆ ಬಿರಿಯುತ್ತದೆ, ಅದರಲ್ಲೂ ನೈರುತ್ಯದ ಕಡೆ. ನವೆಂಬರಿನಲ್ಲಿ ಬಿಳಿ ಪ್ಲಾಸ್ಟಿಕ್ ಸುತ್ತು ಹಾಕಿ, ವಸಂತ ಬಂದಾಗ ತೆಗೆಯಿರಿ. ಹಾಗೆ ಮಾಡಿದರೆ ಮೊಲವೂ ಕಡಿಯುವುದಿಲ್ಲ. ಜಿಂಕೆ ಬರುವ ಜಾಗವಾದರೆ ಎತ್ತರದ ತಂತಿಬೇಲಿಯೇ ಬೇಕು.

ಹಣ್ಣು ನೋಡಿ ಉಪ್ಪಿನಕಾಯಿ ಹಾಕೋಣ ಅಂತ ಆಸೆ ಆಗುತ್ತದೆ, ಅಲ್ವಾ? ಹಸಿಯಾಗಿ ಬಾಯಿಗೆ ಹಾಕಿದರೆ ಒಗರು, ಜಾಸ್ತಿ ತಿಂದರೆ ಹೊಟ್ಟೆ ಕೆಡುತ್ತದೆ. ಮಂಜು ಬಿದ್ದ ಮೇಲೆ ಕಿತ್ತು, ಸೇಬಿನ ಜೊತೆ ಬೇಯಿಸಿ, ಸೋಸಿ, ಸಕ್ಕರೆ ಹಾಕಿ ಜೆಲ್ಲಿ ಮಾಡಬಹುದು. ಅಷ್ಟರಲ್ಲಿ ವ್ಯಾಕ್ಸ್‌ವಿಂಗ್ ಹಕ್ಕಿಗಳ ಹಿಂಡು ಬಂದು ಖಾಲಿ ಮಾಡಿರಬಹುದು. ಅವುಗಳ ಹಿಕ್ಕೆ ಕೆಳಗೆ ಬೀಳುತ್ತದೆ, ಆದ್ದರಿಂದ ಕಾರು ನಿಲ್ಲಿಸುವ ಜಾಗದ ಹತ್ತಿರ ಮಾತ್ರ ಈ ಮರ ನೆಡಬೇಡಿ.