ಲೋನ್ ಆ್ಯಪ್ ಕಾಟ: ಡಿಲೀಟ್ ಒತ್ತುವ ಮುಂಚೆ ಇದನ್ನು ಓದಿ

ನರಸಾಪುರದ ಕಾರ್ಖಾನೆಯೊಂದರಲ್ಲಿ ಶಿಫ್ಟ್ ಕೆಲಸ ಮಾಡುವ ನಮ್ಮ ಬೀದಿಯ ಹುಡುಗನೊಬ್ಬ ಮೊಬೈಲ್‌ನಲ್ಲೇ 6,000 ರೂಪಾಯಿ ಸಾಲ ತೆಗೆದ. ಖಾತೆಗೆ ಬಂದಿದ್ದು 3,600. ಉಳಿದದ್ದು ‘ಪ್ರೊಸೆಸಿಂಗ್ ಫೀ’ ಅಂತೆ. ಏಳು ದಿನಕ್ಕೆ ಪೂರ್ತಿ 6,000 ವಾಪಸ್ ಕಟ್ಟಬೇಕು. ಅಂದರೆ ಕೈಗೆ ಸಿಕ್ಕ ಪ್ರತಿ ನೂರಕ್ಕೆ ವಾರಕ್ಕೆ ಸುಮಾರು 67 ರೂಪಾಯಿ ಬಡ್ಡಿ. ಕೋಲಾರದಲ್ಲಿ ಮೀಟರ್ ಬಡ್ಡಿ ಬಿಡುವವರು ಕೂಡ ಇದನ್ನು ಕೇಳಿದರೆ ತಲೆ ತಗ್ಗಿಸಿಯಾರು.

ಆರನೇ ದಿನವೇ ಫೋನ್ ಶುರುವಾಯಿತು. ಮೊದಲು ಅವನಿಗೆ, ಆಮೇಲೆ ಅವನ ಅಮ್ಮನಿಗೆ. ಅವರಿಗೆ ಬರುವುದು ಕನ್ನಡ, ತೆಲುಗು. ಆ ಕಡೆಯವನು ಹಿಂದಿಯಲ್ಲಿ ಬೈಯುತ್ತಿದ್ದ. ‘ರಾಂಗ್ ನಂಬರಪ್ಪಾ’ ಎಂದು ಇಟ್ಟುಬಿಟ್ಟರು. ಹತ್ತು ನಿಮಿಷಕ್ಕೆ ವಾಟ್ಸ್‌ಆ್ಯಪ್‌ನಲ್ಲಿ ಒಂದು ಫೋಟೊ ಬಂತು. ಯಾರದೋ ಬೆತ್ತಲೆ ಮೈಗೆ ಮಗನ ತಲೆ ಅಂಟಿಸಿದ್ದರು. ಅದೇ ಫೋಟೊ ಅವನ ಸೂಪರ್‌ವೈಸರ್‌ಗೂ ಹೋಗಿತ್ತು, ಡೇರಿಯಲ್ಲಿ ಹಾಲು ಅಳೆಯುವವರಿಗೂ ಹೋಗಿತ್ತು.

ಹುಡುಗ ಗಾಬರಿಯಲ್ಲಿ ಆ್ಯಪ್ ಡಿಲೀಟ್ ಮಾಡಿದ, ಚಾಟ್ ಅಳಿಸಿದ, ಸಿಮ್ ಕಿತ್ತೆಸೆದ. ಮುಕ್ಕಾಲು ಜನ ಮಾಡುವುದು ಇದನ್ನೇ. ಸಾಕ್ಷಿಯೆಲ್ಲ ಅಲ್ಲಿಗೇ ಹೋಯಿತು. ಪುಣ್ಯಕ್ಕೆ ಅಮ್ಮನ ಫೋನಿನಲ್ಲಿ ಎಲ್ಲ ಹಾಗೇ ಉಳಿದಿತ್ತು. ಅವರಿಗೆ ಡಿಲೀಟ್ ಮಾಡುವುದು ಬರುತ್ತಿರಲಿಲ್ಲ.

ಒಂದು ಮಾತು ಮೊದಲೇ ಹೇಳಿಬಿಡುತ್ತೇನೆ. ಸಾಲ ಕಟ್ಟಲು ಆಗದೇ ಇರುವುದು ಜೈಲಿಗೆ ಹಾಕುವಂಥ ಅಪರಾಧವಲ್ಲ, ಅದು ಸಿವಿಲ್ ವಿಷಯ. ಅದಕ್ಕಾಗಿ ಬೆದರಿಸುವುದು, ಫೋಟೊ ತಿದ್ದಿ ಹಂಚುವುದು ಅಪರಾಧ. ‘ನಾಳೆ ಪೊಲೀಸ್ ಬರ್ತಾರೆ, ವಾರಂಟ್ ರೆಡಿ ಇದೆ’ ಎಂದು ವಾಟ್ಸ್‌ಆ್ಯಪ್‌ನಲ್ಲಿ ಬರುವ ಕಾಗದ ಬರೀ ಸುಳ್ಳು. ‘ನಾನೂ ಸಾಲ ತಗೊಂಡಿದ್ದೀನಲ್ಲ, ಯಾವ ಮುಖ ಇಟ್ಟುಕೊಂಡು ಸ್ಟೇಷನ್‌ಗೆ ಹೋಗಲಿ’ ಎಂದು ಹಿಂಜರಿಯಬೇಡಿ. ಆ ಹಿಂಜರಿಕೆಯಿಂದಲೇ ಅವರ ಅಂಗಡಿ ನಡೆಯುವುದು.

ಮೊದಲ ಹೆಜ್ಜೆ: ಸಾಕ್ಷಿ ಎತ್ತಿಡಿ

ಬೈಗುಳದ ಮೆಸೇಜ್, ಬೆದರಿಕೆ, ಫೋಟೊ ಎಲ್ಲದರ ಸ್ಕ್ರೀನ್‌ಶಾಟ್ ತೆಗೆಯಿರಿ. ಕಳಿಸಿದವರ ನಂಬರ್, ದಿನಾಂಕ, ಸಮಯ ಕಾಣಬೇಕು. ಅಂದವಾಗಿರಲಿ ಎಂದು ಕ್ರಾಪ್ ಮಾಡಬೇಡಿ. ಹೆಸರು ಸೇವ್ ಮಾಡಿಕೊಂಡಿದ್ದರೆ ನಂಬರ್ ಇರುವ ಪುಟವನ್ನೂ ತೆಗೆಯಿರಿ. ವಾಟ್ಸ್‌ಆ್ಯಪ್‌ನ ‘ಎಕ್ಸ್‌ಪೋರ್ಟ್ ಚಾಟ್’ ಒತ್ತಿ ಪೂರ್ತಿ ಮಾತುಕತೆಯನ್ನು ನಿಮ್ಮದೇ ಇ-ಮೇಲ್‌ಗೆ ಕಳಿಸಿಕೊಳ್ಳಿ. ಕಾಲ್ ಹಿಸ್ಟರಿಯ ಪುಟವೂ ಬೇಕು.

ಆಮೇಲೆ ಆ್ಯಪ್. ಅದರ ಹೆಸರು, ಲೋಗೊ, ಎಲ್ಲಿಂದ ಇಳಿಸಿಕೊಂಡಿರಿ ಎನ್ನುವ ಲಿಂಕ್, ತಯಾರಿಸಿದ ಕಂಪನಿಯ ಹೆಸರು, ಸಾಲದ ಮೊತ್ತ ತೋರಿಸುವ ಪುಟ ಎಲ್ಲವನ್ನೂ ಹಿಡಿದಿಡಿ. ಸೆಟ್ಟಿಂಗ್ಸ್‌ಗೆ ಹೋಗಿ ಆ ಆ್ಯಪ್‌ಗೆ ಕಾಂಟ್ಯಾಕ್ಟ್ಸ್, ಗ್ಯಾಲರಿ, ಎಸ್‌ಎಂಎಸ್ ಅನುಮತಿ ಇರುವ ಪುಟವನ್ನೂ ಫೋಟೊ ತೆಗೆದುಕೊಳ್ಳಿ. ಇದು ತುಂಬ ಮುಖ್ಯ, ಯಾಕೆಂದು ಮುಂದೆ ಹೇಳುತ್ತೇನೆ. ದುಡ್ಡು ಬಂದ ದಿನ, ಹೋದ ದಿನದ ಬ್ಯಾಂಕ್ ಸ್ಟೇಟ್‌ಮೆಂಟ್, ಪ್ರತಿ ಪಾವತಿಯ ಯುಟಿಆರ್ ನಂಬರ್ (ಆ ಪಾವತಿಯ ಗುರುತಿನ ಸಂಖ್ಯೆ), ಯಾವ ಯುಪಿಐ ಐಡಿಗೆ ಹೋಯಿತು ಎನ್ನುವುದನ್ನು ಒಂದು ಹಾಳೆಯಲ್ಲಿ ಬರೆದಿಡಿ. ಪೊಲೀಸರಿಗೆ ಕಳ್ಳನ ಜಾಡು ಸಿಗುವುದು ಫೋನ್ ನಂಬರಿಗಿಂತ ಜಾಸ್ತಿ ಈ ಯುಪಿಐ ಐಡಿಯಿಂದ.

ಮೆಸೇಜ್ ಬಂದ ನೆಂಟರಿಗೂ ಹೇಳಿ: ಅಳಿಸಬೇಡಿ, ಸ್ಕ್ರೀನ್‌ಶಾಟ್ ಕಳಿಸಿ.

ಬಾಗಿಲು ಹಾಕುವ ಕೆಲಸ

ಇಷ್ಟಾದ ಮೇಲೆ ಅನುಮತಿಗಳನ್ನೆಲ್ಲ ಆಫ್ ಮಾಡಿ ಆ್ಯಪ್ ತೆಗೆದುಹಾಕಿ. ಯುಪಿಐ ಆ್ಯಪ್‌ನಲ್ಲಿ ‘ಆಟೊಪೇ’ ನೋಡಿ, ಅವರ ಹೆಸರಿದ್ದರೆ ರದ್ದು ಮಾಡಿ. ಬ್ಯಾಂಕಿಗೂ ಹೇಳಿ. ಇ-ಮೇಲ್, ಬ್ಯಾಂಕ್ ಪಾಸ್‌ವರ್ಡ್ ಬದಲಿಸಿ. ಸಿಮ್ ಎಸೆಯಬೇಡಿ, ಒಟಿಪಿ ಬರುವುದು ಅದಕ್ಕೇ ಅಲ್ವಾ.

ಆಮೇಲೆ ನೀವೇ ಮುಂದಾಗಿ ಎಲ್ಲರಿಗೂ ಒಂದು ಮೆಸೇಜ್ ಹಾಕಿ: ‘ಒಂದು ಮೋಸದ ಲೋನ್ ಆ್ಯಪ್ ನನ್ನ ಫೋನಿನ ನಂಬರ್‌ಗಳನ್ನು ಕದ್ದಿದೆ. ನನ್ನ ಹೆಸರಲ್ಲಿ ಕೆಟ್ಟ ಫೋಟೊ, ಮೆಸೇಜ್ ಬರಬಹುದು. ಅವು ನಕಲಿ. ದುಡ್ಡು ಕೊಡಬೇಡಿ, ಸ್ಕ್ರೀನ್‌ಶಾಟ್ ನನಗೆ ಕಳಿಸಿ.’ ಮೇಷ್ಟ್ರಿಗೆ, ಮಾಲೀಕರಿಗೆ, ಬೀಗರಿಗೆ ಇದನ್ನು ಕಳಿಸುವಾಗ ಕೈ ನಡುಗುತ್ತದೆ, ಗೊತ್ತು. ಆದರೆ ಆ ಆ್ಯಪ್‌ನವರ ಕೈಯಲ್ಲಿರುವ ಒಂದೇ ಆಯುಧ ‘ಎಲ್ಲರಿಗೂ ಹೇಳ್ತೀನಿ’ ಅನ್ನುವುದು. ನೀವೇ ಹೇಳಿದ ಮೇಲೆ ಅದು ಮೊಂಡಾಗುತ್ತದೆ.

‘ಕಟ್ಟಿಬಿಟ್ಟರೆ ಸುಮ್ನಾಗ್ತಾರಲ್ಲ?’ ಎಂದು ಕೇಳುತ್ತಾರೆ. ನಕಲಿ ಆ್ಯಪ್‌ನವರು ಸಾಮಾನ್ಯವಾಗಿ ಸುಮ್ಮನಾಗುವುದಿಲ್ಲ. ಇವನು ಕೊಡ್ತಾನೆ ಎಂದು ಗೊತ್ತಾದರೆ ಇನ್ನೊಂದು ನಂಬರಿನಿಂದ ಇನ್ನೊಂದು ‘ಬಾಕಿ’ ಹೇಳುತ್ತಾರೆ. ನೀವು ಸಾಲ ಕೇಳದೆಯೇ ಖಾತೆಗೆ ದುಡ್ಡು ಬಂದು ಬಿದ್ದಿದ್ದರೆ ಅವರು ಹೇಳಿದ ಯುಪಿಐ ಐಡಿಗೆ ವಾಪಸ್ ಹಾಕಬೇಡಿ. ಬ್ಯಾಂಕಿಗೆ ಬರೆದುಕೊಡಿ.

ದೂರು: 1930, ಪೋರ್ಟಲ್, ಸ್ಟೇಷನ್

ದುಡ್ಡು ಹೋಗಿದ್ದರೆ ತಕ್ಷಣ ಸೈಬರ್ ವಂಚನೆಯ ಸಹಾಯವಾಣಿ 1930ಕ್ಕೆ ಫೋನ್ ಮಾಡಿ. ಬೇಗ ಮಾಡಿದಷ್ಟೂ ದುಡ್ಡು ಇನ್ನೊಂದು ಖಾತೆಗೆ ದಾಟುವ ಮುಂಚೆ ತಡೆಯುವ ಸಾಧ್ಯತೆ ಜಾಸ್ತಿ. ಜೊತೆಗೆ ಕೇಂದ್ರದ ಸೈಬರ್ ಕ್ರೈಮ್ ಪೋರ್ಟಲ್‌ನಲ್ಲಿ (ಸೈಬರ್‌ಕ್ರೈಮ್ ಡಾಟ್ ಗವ್ ಡಾಟ್ ಇನ್) ದೂರು ದಾಖಲಿಸಿ, ಸಿಗುವ ನಂಬರ್ ಬರೆದಿಟ್ಟುಕೊಳ್ಳಿ.

ಅದು ಎಫ್‌ಐಆರ್ ಅಲ್ಲ ಎನ್ನುವುದು ನೆನಪಿರಲಿ. ಅದಕ್ಕೆ ಸ್ಟೇಷನ್‌ಗೆ ಹೋಗಬೇಕು. ಜಿಲ್ಲೆಯ ಸಿಇಎನ್ (ಸೈಬರ್, ಆರ್ಥಿಕ, ಮಾದಕವಸ್ತು ಅಪರಾಧ) ಠಾಣೆ ಇಂಥ ಕೇಸುಗಳನ್ನು ನೋಡುತ್ತದೆ. ಕೋಲಾರದವರಿಗೆ ಒಂದು ಗೊಂದಲ ಇದ್ದೇ ಇದೆ: ಕೆಜಿಎಫ್ ಬೇರೆ ಪೊಲೀಸ್ ಜಿಲ್ಲೆ, ಅದಕ್ಕೆ ಬೇರೆ ಎಸ್‌ಪಿ. ‘ನಿಮ್ಮದು ಆ ಕಡೆ, ಅಲ್ಲಿಗೆ ಹೋಗಿ’ ಎಂದು ಓಡಾಡಿಸಿದರೆ ‘ಝೀರೊ ಎಫ್‌ಐಆರ್ ಮಾಡಿಕೊಡಿ ಸಾರ್’ ಎಂದು ಕೇಳಿ. ಭಾರತೀಯ ನಾಗರಿಕ ಸುರಕ್ಷಾ ಸಂಹಿತೆಯ 173ನೇ ಸೆಕ್ಷನ್ ಪ್ರಕಾರ ಯಾವ ಠಾಣೆಯಲ್ಲಾದರೂ ದೂರು ಕೊಡಬಹುದು. ಆನ್‌ಲೈನ್‌ನಲ್ಲಿ ಕೊಟ್ಟರೆ ಮೂರು ದಿನದೊಳಗೆ ಹೋಗಿ ಸಹಿ ಹಾಕಬೇಕು. ಎಫ್‌ಐಆರ್ ಪ್ರತಿ ಪುಕ್ಕಟೆ.

ತೆಗೆದುಕೊಳ್ಳದಿದ್ದರೆ? ಅದೇ ದೂರನ್ನು ಸ್ಪೀಡ್ ಪೋಸ್ಟ್‌ನಲ್ಲಿ ಎಸ್‌ಪಿಗೆ ಕಳಿಸಿ, ರಸೀದಿ ಇಟ್ಟುಕೊಳ್ಳಿ. ಅಲ್ಲೂ ಕೆಲಸ ಆಗದಿದ್ದರೆ ಮ್ಯಾಜಿಸ್ಟ್ರೇಟ್ ಕೋರ್ಟ್‌ಗೆ ಹೋಗಿ ತನಿಖೆಗೆ ಆದೇಶ ಕೇಳಬಹುದು. ಆಗ ಆ ರಸೀದಿಯನ್ನೇ ಮೊದಲು ಕೇಳುತ್ತಾರೆ.

ದೂರನ್ನು ಕಥೆಯಂತೆ ಬರೆಯಬೇಡಿ. ಯಾವ ತಾರೀಕು ಎಷ್ಟು ಸಾಲ, ಕೈಗೆ ಎಷ್ಟು ಬಂತು, ಎಷ್ಟು ಕಟ್ಟಿದ್ದೀರಿ, ಯಾವ ದಿನ ಯಾವ ನಂಬರಿನಿಂದ ಏನೆಂದು ಬೆದರಿಸಿದರು, ಯಾರ‍್ಯಾರಿಗೆ ಫೋಟೊ ಹೋಯಿತು. ಒಂದೂವರೆ ಪುಟ ಸಾಕು. ಸ್ಕ್ರೀನ್‌ಶಾಟ್‌ಗಳಿಗೆ ನಂಬರ್ ಹಾಕಿ ಪ್ರಿಂಟ್ ಜೋಡಿಸಿ. ಮೂಲ ಫೋನ್ ಹಾಳು ಮಾಡಬೇಡಿ, ಫ್ಯಾಕ್ಟರಿ ರೀಸೆಟ್ ಅಂತೂ ಬೇಡವೇ ಬೇಡ.

ಯಾವ ಸೆಕ್ಷನ್ ಹಾಕಬೇಕು ಎನ್ನುವುದು ಪೊಲೀಸರ ಕೆಲಸ. ಆದರೂ ನಿಮಗೆ ಗೊತ್ತಿದ್ದರೆ ಎದುರಿನವರ ಧ್ವನಿ ಬದಲಾಗುತ್ತದೆ. ಭಾರತೀಯ ನ್ಯಾಯ ಸಂಹಿತೆಯಲ್ಲಿ ಬೆದರಿಸಿ ದುಡ್ಡು ಕಿತ್ತರೆ 308, ಇದಕ್ಕೆ 7 ವರ್ಷದವರೆಗೆ ಜೈಲು. ಬೆದರಿಕೆಗೆ 351, ಮೋಸಕ್ಕೆ 318. ಹೆಂಗಸರ ಬೆನ್ನು ಬಿದ್ದರೆ, ಅವರ ಮಾನಕ್ಕೆ ಕೈ ಹಾಕಿದರೆ 78, 79. ಐಟಿ ಕಾಯ್ದೆಯಲ್ಲಿ ಅಶ್ಲೀಲ ಚಿತ್ರ ಹರಡಿದ್ದಕ್ಕೆ 67 ಮತ್ತು 67ಎ, ನಿಮ್ಮ ಆಧಾರ್, ಪ್ಯಾನ್ ಬಳಸಿ ಇನ್ನೊಬ್ಬರು ಸಾಲ ತೆಗೆದಿದ್ದರೆ 66ಸಿ. ಇದರ ಮೇಲೆ ನಮ್ಮ ರಾಜ್ಯ 2025ರಲ್ಲಿ ಕಿರು ಸಾಲ, ಸಣ್ಣ ಸಾಲಗಳ ಬಲವಂತದ ವಸೂಲಿ ತಡೆಯಲು ಕಾನೂನು ತಂದಿದೆ. 10 ವರ್ಷದವರೆಗೆ ಜೈಲು, 5 ಲಕ್ಷ ರೂಪಾಯಿವರೆಗೆ ದಂಡ. ದೂರಿನ ಕೊನೆಗೆ ಇದನ್ನೂ ಹೆಸರಿಸಿ.

ಆರ್‌ಬಿಐ ದಾರಿ

ಸಾಲ ಕೊಟ್ಟವರು ನಿಜವಾಗಿಯೂ ಲೈಸೆನ್ಸ್ ಇರುವ ಕಂಪನಿಯೇ ನೋಡಿ. ಆರ್‌ಬಿಐ ವೆಬ್‌ಸೈಟ್‌ನಲ್ಲಿ 2025ರ ಜುಲೈನಿಂದ ಡಿಜಿಟಲ್ ಸಾಲದ ಆ್ಯಪ್‌ಗಳ ಪಟ್ಟಿ ಇದೆ. ಅದನ್ನು ಕಂಪನಿಗಳೇ ತುಂಬಿದ್ದು, ಹಾಗಾಗಿ ಹೆಸರು ಇದೆ ಎಂದಾಕ್ಷಣ ಸಾಚಾ ಎಂದುಕೊಳ್ಳಬೇಡಿ. ಇಲ್ಲದಿದ್ದರೆ ಮಾತ್ರ ದೊಡ್ಡ ಸುಳಿವು. ಏಳು ದಿನದ ಸಾಲವೇ ಇನ್ನೊಂದು ಸುಳಿವು: ಪೂರ್ತಿ ಸಾಲವನ್ನು 60 ದಿನದೊಳಗೆ ಕಟ್ಟಿಸುವ ಆ್ಯಪ್‌ಗಳಿಗೆ ಗೂಗಲ್ ಪ್ಲೇ ಸ್ಟೋರ್‌ನ ನಿಯಮದಲ್ಲೇ ಜಾಗವಿಲ್ಲ.

ನೋಂದಾಯಿತ ಕಂಪನಿಯಾದರೂ ಅದಕ್ಕೆ ಕಟ್ಟುಪಾಡು ಇದೆ. ನಿಮ್ಮ ಕಾಂಟ್ಯಾಕ್ಟ್ಸ್, ಗ್ಯಾಲರಿ, ಕಾಲ್ ಹಿಸ್ಟರಿ ಮುಟ್ಟುವಂತಿಲ್ಲ. ಅನುಮತಿಯ ಪುಟ ತೆಗೆದಿಡಿ ಎಂದಿದ್ದು ಇದಕ್ಕೇ. ಒಟ್ಟು ಖರ್ಚು, ಬಡ್ಡಿ ಎಲ್ಲ ಇರುವ ವಿವರಪಟ್ಟಿಯನ್ನು ಸಾಲದ ಮುಂಚೆಯೇ ಕೊಡಬೇಕು. ಬೆಳಗ್ಗೆ 8ಕ್ಕೆ ಮುಂಚೆ, ಸಂಜೆ 7ರ ಮೇಲೆ ವಸೂಲಿಗೆ ಫೋನ್ ಮಾಡುವಂತಿಲ್ಲ. ಮೊದಲು ಕಂಪನಿಯ ದೂರು ಅಧಿಕಾರಿಗೆ ಇ-ಮೇಲ್ ಹಾಕಿ. 30 ದಿನದಲ್ಲಿ ಉತ್ತರ ಬರದಿದ್ದರೆ, ಬಂದ ಉತ್ತರ ಸರಿಯಿಲ್ಲದಿದ್ದರೆ, ಆರ್‌ಬಿಐ ಒಂಬುಡ್ಸ್‌ಮನ್‌ಗೆ (ಗ್ರಾಹಕರ ದೂರು ತೀರ್ಮಾನಿಸುವ ಅಧಿಕಾರಿ) ಸಿಎಂಎಸ್ ಎನ್ನುವ ಆರ್‌ಬಿಐ ದೂರು ಪೋರ್ಟಲ್‌ನಲ್ಲಿ ದೂರು ಕೊಡಿ. ಫೀಸ್ ಇಲ್ಲ. ಮಾಹಿತಿಗೆ 14448. ಆದರೆ ಇಂಥ ಕಂಪನಿಯಿಂದ ತೆಗೆದ ಸಾಲವನ್ನಂತೂ ತೀರಿಸಲೇಬೇಕು, ಅದಕ್ಕೆ ವಿನಾಯಿತಿ ಇಲ್ಲ.

ಲೈಸೆನ್ಸ್ ಇಲ್ಲದವರ ಮೇಲೆ ಆರ್‌ಬಿಐನ ‘ಸಚೇತ್’ ಪೋರ್ಟಲ್‌ನಲ್ಲಿ ತಿಳಿಸಬಹುದು. ಆದರೆ ನಿಮ್ಮ ಕಾಟ ನಿಲ್ಲಿಸುವುದು ಸಚೇತ್ ಅಲ್ಲ, ಎಫ್‌ಐಆರ್.

ಫೋಟೊ ಹರಿದಾಡುತ್ತಿದ್ದರೆ

ಅದು ಇರುವ ಆ್ಯಪ್‌ನಲ್ಲೇ ‘ರಿಪೋರ್ಟ್’ ಒತ್ತಿ. ಇಂಥ ಚಿತ್ರ, ತಿದ್ದಿದ್ದಾದರೂ ಸರಿ, ದೂರು ಬಂದ ಎರಡು ಗಂಟೆಯೊಳಗೆ ತೆಗೆಯಬೇಕು ಎಂದು ಐಟಿ ನಿಯಮವಿದೆ. 18 ದಾಟಿದವರು ‘ಸ್ಟಾಪ್ ಎನ್‌ಸಿಐಐ’ ವೆಬ್‌ಸೈಟ್ ಬಳಸಬಹುದು. ಅಲ್ಲಿ ಫೋಟೊ ನಿಮ್ಮ ಫೋನ್ ಬಿಟ್ಟು ಹೋಗುವುದಿಲ್ಲ. ಅದರ ಬೆರಳಚ್ಚಿನಂಥ ಒಂದು ಗುರುತು ಮಾತ್ರ ಹೋಗುತ್ತದೆ. ಆ ಗುರುತು ಹಿಡಿದು ಅಲ್ಲಿ ಸೇರಿರುವ ಜಾಲತಾಣಗಳು ಫೋಟೊವನ್ನು ತಡೆಯುತ್ತವೆ.

ಈ ರಾತ್ರಿಗಳು ಕೆಟ್ಟವು. ನಿದ್ದೆ ಬರುವುದಿಲ್ಲ, ಇಲ್ಲದ ಯೋಚನೆ ಬರುತ್ತದೆ. ಸರ್ಕಾರದ ಮಾನಸಿಕ ಆರೋಗ್ಯ ಸಹಾಯವಾಣಿ ಟೆಲಿ-ಮಾನಸ್ ನಂಬರ್ 14416, ಕನ್ನಡದಲ್ಲೇ ಮಾತಾಡಬಹುದು. ಮನೆಯವರೊಬ್ಬರಿಗಾದರೂ ಅದೇ ರಾತ್ರಿ ಹೇಳಿ.

ವಕೀಲರಿಗೆ ದುಡ್ಡಿಲ್ಲ ಅಂದರೆ

ಜಿಲ್ಲಾ ಕಾನೂನು ಸೇವಾ ಪ್ರಾಧಿಕಾರಕ್ಕೆ ಹೋಗಿ. ತಾಲ್ಲೂಕು ಕೋರ್ಟ್‌ಗಳಲ್ಲೂ ಇದರ ಸಮಿತಿ ಇದೆ. ಹೆಂಗಸರಿಗೆ, ಪರಿಶಿಷ್ಟ ಜಾತಿ, ಪಂಗಡದವರಿಗೆ ಆದಾಯ ಎಷ್ಟೇ ಇರಲಿ, ವಕೀಲರು ಉಚಿತ. ಉಳಿದವರಿಗೆ ಆದಾಯ ಮಿತಿ ಇದೆ. ಫೋನ್ 15100.

ದೂರು ಕೊಟ್ಟ ಮರುದಿನವೇ ಕರೆಗಳು ನಿಲ್ಲುತ್ತವೆ ಎಂದುಕೊಳ್ಳಬೇಡಿ. ನಮ್ಮ ಹುಡುಗನ ಅಮ್ಮನ ಫೋನಿಗೆ ಆಮೇಲೂ ಎರಡು ವಾರ ಬಂದವು, ಪ್ರತಿ ಸಲ ಹೊಸ ನಂಬರ್. ಯಾರೂ ಉತ್ತರ ಕೊಡಲಿಲ್ಲ. ಅಮ್ಮ ಹಾಲಿನ ಲೆಕ್ಕದ ಪುಸ್ತಕದ ಹಿಂದಿನ ಪುಟದಲ್ಲಿ ಒಂದೊಂದು ನಂಬರನ್ನೂ ಸಮಯದ ಸಮೇತ ಬರೆದರು. ಆ ಪುಟದ ಜೆರಾಕ್ಸ್ ಈಗ ಕೇಸ್ ಫೈಲಿನಲ್ಲಿದೆ.