ಪೀಣ್ಯದ ಗೋಡೌನು, ಹಸಿರು ಗಾಜು ಮತ್ತು ನಾನು ಕಟ್ಟಿಸಿದ ತಪ್ಪು ಕಟ್ಟೆ

ಓನರ್ ನನ್ನನ್ನು ಕರೆಸಿದ್ದು ಬರೀ ಎಲಿವೇಷನ್‌ಗೆ, ಅಂದರೆ ಕಟ್ಟಡದ ಮುಂಭಾಗದ ಅಂದಕ್ಕೆ. ‘ಮುಂದೆ ನೀಲಿ ಗಾಜು, ಅಕ್ಕಪಕ್ಕ ಎಸಿಪಿ (ಅಲ್ಯೂಮಿನಿಯಂ ಹೊದಿಕೆಯ) ಶೀಟು, ಮೇಲೆ ದೊಡ್ಡದಾಗಿ ಹೆಸರು. ರಸ್ತೆಯಿಂದ ನೋಡಿದರೆ ಕಂಪನಿ ಅನ್ನಿಸಬೇಕು ಸಾರ್’ ಅಂದರು. ಅವರದು ನಟ್ಟು, ಬೋಲ್ಟು, ವಾಷರ್‌ಗಳ ಸಗಟು ವ್ಯಾಪಾರ. ಪೀಣ್ಯ ಇಂಡಸ್ಟ್ರಿಯಲ್ ಏರಿಯಾ ಆಗತಾನೇ ಬೆಳೆಯುತ್ತಿದ್ದ ಕಾಲದಲ್ಲಿ ಯಾರೋ ಲೇತ್ ವರ್ಕ್‌ಶಾಪಿಗೆಂದು ಕಟ್ಟಿಸಿದ ಶೆಡ್ಡು ಅದು. ರಸ್ತೆಯುದ್ದಕ್ಕೆ 150 ಅಡಿ, ಒಳಕ್ಕೆ 80 ಅಡಿ. ನೈಋತ್ಯ ಮೂಲೆಯಲ್ಲಿ ಎರಡಂತಸ್ತಿನ ಆಫೀಸು, ಮುಖ ಪಶ್ಚಿಮಕ್ಕೆ. ಆ ಮುಖಕ್ಕೆ ನೀಲಿ ಗಾಜು ಹಾಕಿದರೆ ಮಧ್ಯಾಹ್ನ ಮೂರಕ್ಕೆ ಒಳಗಿರುವವರು ಬೆಂದುಹೋಗುತ್ತಾರೆ. ಅದನ್ನು ಆಗಲೇ ಹೇಳಲಿಲ್ಲ. ‘ಒಂದು ವಾರ ಸುಮ್ನೆ ಬಂದು ನಿಂತ್ಕೋತೀನಿ, ಆಮೇಲೆ ನಕ್ಷೆ’ ಅಂದೆ.

ಹಾಗೆ ನಿಂತದ್ದರಿಂದಲೇ ಕೆಲಸದ ಮುಕ್ಕಾಲು ಪಾಲು ತಿಳಿಯಿತು. ಡಿಸ್‌ಪ್ಯಾಚ್ ನೋಡಿಕೊಳ್ಳುವ ಗುಮಾಸ್ತರಿಗೆ ಐವತ್ತೈದರ ಆಸುಪಾಸು ವಯಸ್ಸು. ಬಿಲ್ಲು ಪ್ರಿಂಟ್ ಆಗುವುದು ಮೇಲಿನ ಆಫೀಸಿನಲ್ಲಿ, ಮಾಲು ಹೋಗುವುದು ಕೆಳಗಿನ ಬಾಗಿಲಲ್ಲಿ. ನಡುವೆ 19 ಮೆಟ್ಟಿಲು. ಬುಧವಾರ ಅವರು ಎಷ್ಟು ಸಲ ಹತ್ತಿ ಇಳಿದರು ಅಂತ ಲೆಕ್ಕ ಹಾಕಿದೆ. 41 ಸಲ. ಕೆಳಗೆ ಗೋಡೌನಿನಲ್ಲಿ ಹಗಲು ಹನ್ನೊಂದಕ್ಕೂ ಟ್ಯೂಬ್‌ಲೈಟು ಉರಿಯುತ್ತಿತ್ತು. ಆದರೂ ಪ್ಯಾಕಿಂಗ್‌ನ ಹೆಂಗಸರು 8 ಮಿ.ಮೀ.ನ ಎಂ8 ಬೋಲ್ಟೋ 10 ಮಿ.ಮೀ.ನ ಎಂ10ಓ ಅಂತ ನೋಡಲು ಮೊಬೈಲ್ ಟಾರ್ಚ್ ಹಿಡಿಯುತ್ತಿದ್ದರು. ಗದಗದ ಕಡೆಯ ಹಮಾಲರೊಬ್ಬರು ಒಂದೇ ಮಾತಲ್ಲಿ ಹೇಳಿದರು: ‘ಮುಂಜಾನಿ ಹತ್ತರ ಮ್ಯಾಲ ಒಳಗ ನಿಂದ್ರಾಕ ಆಗಂಗಿಲ್ರೀ, ಸಾಹೇಬ್ರ.’

ತಮಾಷೆ ಏನೆಂದರೆ ಆ ಶೆಡ್ಡಿಗೆ ಬೆಳಕಿನ ಏರ್ಪಾಡು ಮೊದಲೇ ಇತ್ತು. ಮಾಡು ಗರಗಸದ ಹಲ್ಲಿನ ಆಕಾರದ್ದು. ನಾವು ನಾರ್ತ್‌ಲೈಟ್ ಟ್ರಸ್ ಅನ್ನುತ್ತೇವೆ. ಐದು ಹಲ್ಲು, ಪ್ರತಿ ಹಲ್ಲಿನ ಉತ್ತರದ ನೆಟ್ಟನೆಯ ಮುಖಕ್ಕೆ ಗಾಜು. ಏಣಿ ಹಾಕಿಸಿ ಹತ್ತಿ ನೋಡಿದರೆ ಗಾಜಿಗೆಲ್ಲ ಹಸಿರು ಬಣ್ಣ ಬಳಿದಿದ್ದಾರೆ! ಅದರ ಮೇಲೆ ವರ್ಷಗಟ್ಟಲೆ ಮಸಿ. ಜೇಬಿನಲ್ಲಿದ್ದ ಬ್ಲೇಡಿನಿಂದ ಒಂದು ಗಾಜನ್ನು ಅಂಗೈಯಗಲ ಕೆರೆದೆ. ಕೆಳಗೆ ರ‍್ಯಾಕಿನ ಮೇಲೆ ಬೆಳಕಿನ ಚೌಕ ಬಿತ್ತು. ಓನರ್ ಕತ್ತೆತ್ತಿ ನೋಡಿದರು. ‘ಅಲ್ಲಿ ಗಾಜಿದೆಯಾ? ನಮ್ಮಪ್ಪ ಈ ಶೆಡ್ ತಗೊಂಡಾಗಿಂದ ನಾನು ಶೀಟು ಅಂತಲೇ ಅಂದ್ಕೊಂಡಿದ್ದೆ’ ಅಂದರು.

ಬಣ್ಣ ಬಳಿದವರು ದಡ್ಡರೇನಲ್ಲ. ಈ ಗರಗಸದ ಮಾಡು ಇಂಗ್ಲೆಂಡಿನ ಗಿರಣಿಗಳಿಂದ ಬಂದದ್ದು. ಮ್ಯಾಂಚೆಸ್ಟರಿನಲ್ಲಿ ಮಧ್ಯಾಹ್ನದ ಬಿಸಿಲು ಯಾವತ್ತೂ ಉತ್ತರದಿಂದ ಬರುವುದಿಲ್ಲ. ಬೆಂಗಳೂರು ಇರುವುದು 13 ಡಿಗ್ರಿ ಉತ್ತರ ಅಕ್ಷಾಂಶದಲ್ಲಿ. ಇಲ್ಲಿ ಏಪ್ರಿಲ್ 24ರ ಹೊತ್ತಿಗೆ ಮಧ್ಯಾಹ್ನದ ಸೂರ್ಯ ನೆತ್ತಿಗೇ ಬರುತ್ತಾನೆ. ನೆಟ್ಟ ಕೋಲಿಗೆ ನೆರಳೇ ಇರುವುದಿಲ್ಲ. ಅಲ್ಲಿಂದ ಆಗಸ್ಟ್ 18ರ ತನಕ ಮಧ್ಯಾಹ್ನ ಅವನು ನಮಗೆ ಉತ್ತರಕ್ಕೇ ಇರುತ್ತಾನೆ. ಮೇ ತಿಂಗಳ ಬಿಸಿಲು ನೇರ ಗಾಜಿನೊಳಗೆ ಇಳಿದು ಲೇತ್ ಕೆಲಸದವರ ಕಣ್ಣು ಕುಕ್ಕಿರಬೇಕು. ಯಾರೋ ಬಣ್ಣದ ಡಬ್ಬಿ ಹಿಡಿದು ಹತ್ತಿದ್ದಾರೆ.

ಹಾಗಾಗಿ ಗಾಜು ಉಜ್ಜಿಸಿ ಬಿಟ್ಟರೆ ಸಾಲದು. ಗಾಜು ತೆಗೆದು ಹಾಲುಬಣ್ಣದ ಪಾಲಿಕಾರ್ಬನೇಟ್ ಹಾಕಿದೆವು, ಮಾಡನ್ನು ಅದರ ಮೇಲೆ ಒಂದೂವರೆ ಅಡಿ ಮುಂದಕ್ಕೆ ಚಾಚಿದೆವು. ಜೂನ್ 21ಕ್ಕೂ ನಮ್ಮ ಮಧ್ಯಾಹ್ನದ ಸೂರ್ಯ 80 ಡಿಗ್ರಿಯಷ್ಟು ಎತ್ತರದಲ್ಲೇ ಇರುತ್ತಾನೆ. ಐದಡಿ ಎತ್ತರದ ಗಾಜಿಗೆ ಅಷ್ಟು ಚಾಚು ಧಾರಾಳ ಸಾಕು. ಬೆಳಗ್ಗೆ ಎಂಟರ ಓರೆ ಬಿಸಿಲನ್ನು ಅದು ತಡೆಯುವುದಿಲ್ಲ. ಅದನ್ನು ಹಾಗೇ ಬಿಟ್ಟೆ. ಜೂನ್, ಜುಲೈನಲ್ಲಿ ಹೇಗೂ ಮೋಡ ಜಾಸ್ತಿ.

ಇನ್ನು ಮಾಡಿನ ಶೀಟು. ಅದು ಹಳೇ ಆಸ್ಬೆಸ್ಟಾಸ್ ಸಿಮೆಂಟ್ ಶೀಟು. ‘ಊರಲ್ಲಿ ದನದ ಕೊಟ್ಟಿಗೆಗೆ ಆಗುತ್ತೆ, ಬಿಸಾಕೋದ್ಯಾಕೆ?’ ಅಂದರು ಓನರ್. ಹತ್ತು ನಿಮಿಷ ಕೂತು ವಿವರಿಸಿದೆ. ಸುಮ್ಮನಿರುವ ಶೀಟಿಗಿಂತ ಒಡೆದ ಶೀಟು ಅಪಾಯ. ಅದರ ನಾರು ಗಾಳಿಗೆ ಸೇರಿ ಶ್ವಾಸಕೋಶಕ್ಕೆ ಹೋದರೆ ಹೊರಗೆ ಬರುವುದಿಲ್ಲ. ನಾವು ಶೀಟಿಗೆ ನೀರು ಚಿಮುಕಿಸುತ್ತಾ, ಒಂದೊಂದನ್ನೇ ಇಡಿಯಾಗಿ ಇಳಿಸಿದೆವು. ಪ್ಲಾಸ್ಟಿಕ್‌ನಲ್ಲಿ ಸುತ್ತಿ ದಾಬಸ್‌ಪೇಟೆಯ ಅಪಾಯಕಾರಿ ತ್ಯಾಜ್ಯದ ಘಟಕಕ್ಕೆ ಕಳಿಸಿದೆವು. ಶೀಟು ಹಿಡಿದಿದ್ದ ಜೆ ಬೋಲ್ಟುಗಳು ಒಂದೂ ತಿರುಗಲಿಲ್ಲ, ಎಲ್ಲವನ್ನೂ ಕತ್ತರಿಸಬೇಕಾಯಿತು. ನಟ್ಟು ಬೋಲ್ಟಿನ ಗೋಡೌನಿನ ನೆತ್ತಿಯ ಮೇಲೇ ತುಕ್ಕು ಹಿಡಿದ ಬೋಲ್ಟು!

ಹೊಸದಾಗಿ ಹಾಕಿದ್ದು 50 ಮಿ.ಮೀ. ದಪ್ಪದ ಬಿಳಿ ಪಫ್ ಪ್ಯಾನೆಲ್, ಅಂದರೆ ಎರಡು ತಗಡಿನ ನಡುವೆ ಫೋಮ್ ತುಂಬಿದ ಹಲಗೆ. ಬರೀ ತಗಡು ಹಾಕಿದ್ದರೆ ಖರ್ಚು ಕಡಿಮೆಯಾಗುತ್ತಿತ್ತು, ಆದರೆ ಸೆಕೆಯೂ ಮಳೆಯ ಸದ್ದೂ ಎರಡೂ ಉಳಿಯುತ್ತಿದ್ದವು. ಪಫ್ ಹಳೇ ಶೀಟಿಗಿಂತ ಹಗುರ. ಸ್ಟ್ರಕ್ಚರಲ್ ಇಂಜಿನಿಯರ್ ಲೆಕ್ಕ ಹಾಕಿ ಮಾಡು ಹೊರಲು ಹಳೇ ಟ್ರಸ್ಸೇ ಸಾಕು ಅಂದರು. ಉಳಿದ ಆ ದುಡ್ಡನ್ನು ನಾನು ಗಟರ್‌ಗೆ ಸುರಿದೆ.

ಗರಗಸದ ಮಾಡಿನ ಜೀವ ಇರುವುದು ಹಲ್ಲುಗಳ ನಡುವೆ ಮಳೆನೀರು ಹರಿಯುವ ಆ ಗಟರಿನಲ್ಲಿ. ಒಂದೊಂದು ಗಟರಿಗೂ 80 ಅಡಿ ಉದ್ದ, 30 ಅಡಿ ಅಗಲದ ಮಾಡಿನ ನೀರು ಬರುತ್ತದೆ. ಗಂಟೆಗೆ 100 ಮಿ.ಮೀ. ಮಳೆ ಅಂತ ಹಿಡಿದರೆ 22 ಸಾವಿರ ಲೀಟರ್. 6 ಸಾವಿರ ಲೀಟರಿನ ಟ್ಯಾಂಕರ್ ಇದೆಯಲ್ಲ, ಹತ್ತಿರ ಹತ್ತಿರ ಅಂಥ ನಾಲ್ಕು. ಹಳೇ ಗಟರ್ 8 ಇಂಚು ಅಗಲ, ಒಂದೇ ಕಡೆ ಪೈಪು, ಅದರ ಬಾಯಲ್ಲಿ ಒಣಗಿದ ಎಲೆ ಮತ್ತು ಒಂದು ಗಾಳಿಪಟ. ಒಳಗೆ ಸೋರುವುದು ಶೀಟಿನ ತೂತಿನಿಂದ ಅಂತ ಎಲ್ಲರೂ ನಂಬಿದ್ದರು, ವರ್ಷ ವರ್ಷ ಟಾರು ಬಳಿಸುತ್ತಿದ್ದರು. ನಿಜದಲ್ಲಿ ಗಟರ್ ತುಂಬಿ ಒಳಕ್ಕೆ ಉಕ್ಕುತ್ತಿತ್ತು. ಹೊಸ ಗಟರ್ ಒಂದೂವರೆ ಅಡಿ ಅಗಲ, ಆಳು ನಡೆದು ಗುಡಿಸಬಹುದು. ಎರಡೂ ತುದಿಗೆ ಪೈಪು. ಪೈಪು ಕಟ್ಟಿಕೊಂಡರೆ ನೀರು ಗೋಡೆಯ ಹೊರಗೇ ಬೀಳಲಿ ಅಂತ ತುದಿಯಲ್ಲಿ ಒಂದು ತಗ್ಗು ಕಚ್ಚು. ಕೆಳಗೆ ಇಳಿದ ನೀರು ಸಂಪಿಗೆ ಹೋಗುತ್ತದೆ.

ವ್ಯಾಪಾರ ನಿಲ್ಲಿಸುವ ಹಾಗಿರಲಿಲ್ಲ. ಅರ್ಧ ಮಾಡು ಮುಗಿಸಿ ಇನ್ನರ್ಧ ಅಂತ ಹೊರಟೆವು. ಮೇ ಮೊದಲ ವಾರದ ಒಂದು ಸಂಜೆ ಆಲಿಕಲ್ಲು ಮಳೆ ಬಂತು. ಟಾರ್ಪಾಲಿನ್ ಹಗ್ಗವನ್ನು ಕಂಟ್ರಾಕ್ಟರ್ ಕಡೆಯವರು ಒಂದೇ ಬದಿಗೆ ಕಟ್ಟಿದ್ದರು, ನಾನೂ ಹತ್ತಿ ನೋಡಿರಲಿಲ್ಲ. ಜಿಂಕ್ ಲೇಪದ ಬೋಲ್ಟಿನ ಡಬ್ಬಗಳು ನೆಂದವು. ನಾಲ್ಕು ದಿನದಲ್ಲಿ ಬೋಲ್ಟಿನ ಮೇಲೆ ಸುಣ್ಣದ ಪುಡಿಯಂಥ ಬಿಳಿ ತುಕ್ಕು. ನಷ್ಟ ಹಂಚಿಕೊಂಡೆವು, ನನ್ನ ಫೀಸಿನಲ್ಲೂ ಸ್ವಲ್ಪ ಹೋಯಿತು.

ನೆಲದ ವಿಷಯಕ್ಕೆ ಜಗಳವೇ ಆಯಿತು. ಓನರ್‌ಗೆ ರ‍್ಯಾಕ್ ಎತ್ತರವಾಗಬೇಕು, ನೆಲಕ್ಕೆ ಮಾತ್ರ ದುಡ್ಡು ಬೇಡ. ಅವರೆದುರೇ ಲೆಕ್ಕ ಮಾಡಿದೆ. ಒಂದು ಪ್ಯಾಲೆಟ್ (ಮಾಲು ಪೇರಿಸುವ ಹಲಗೆ) ಬೋಲ್ಟು ಒಂದು ಟನ್. ನೆಲದಲ್ಲಿರುವುದನ್ನು ಬಿಟ್ಟರೂ ಮೇಲೆ ಮೂರು ಅಂತಸ್ತು, ಅಂತಸ್ತಿಗೆ ಎರಡು ಪ್ಯಾಲೆಟ್. ನಡುವಿನ ರ‍್ಯಾಕಿನ ಒಂದೊಂದು ಕಾಲಿನ ಮೇಲೆ ಮೂರು ಟನ್ ಕೂರುತ್ತದೆ. ಆ ಕಾಲಿನ ಪಾದ ನನ್ನ ಅಂಗೈಯಷ್ಟೇ. ಹಳೇ ನೆಲ ನಾಲ್ಕಿಂಚಿನ ಕಾಂಕ್ರೀಟು, ಕೆಳಗೆ ಕುಸಿದ ಮಣ್ಣು. ಅಗೆದು ಗಟ್ಟಿಮಾಡಿ, ಕಂಬಿ ಹಾಸಿ, ಏಳಿಂಚಿನ ಟ್ರೈಮಿಕ್ಸ್ ನೆಲ (ಹಸಿ ಕಾಂಕ್ರೀಟಿನ ಹೆಚ್ಚಿನ ನೀರನ್ನು ಯಂತ್ರದಿಂದ ಹೀರಿ ಗಟ್ಟಿಮಾಡುವ ನೆಲ) ಹಾಕಿದೆವು. ಬಜೆಟ್ಟಿನ ಅರ್ಧಕ್ಕಿಂತ ಜಾಸ್ತಿಯನ್ನು ಮಾಡು ಮತ್ತು ನೆಲವೇ ನುಂಗಿದವು. ನೀಲಿ ಗಾಜಿನ ಮಾತು ತಾನಾಗೇ ಬಿದ್ದುಹೋಯಿತು.

ಆಫೀಸಿನಲ್ಲಿ ದೊಡ್ಡ ಕೆಲಸವೇನೂ ಇಲ್ಲ. ಡಿಸ್‌ಪ್ಯಾಚ್ ಮೇಜು ಮತ್ತು ಪ್ರಿಂಟರ್ ಕೆಳಗೆ ಬಂತು. ಅದಕ್ಕೆ ಎರಡು ಕಿಟಕಿ, ಒಂದು ರ‍್ಯಾಕಿನ ಕಡೆ, ಇನ್ನೊಂದು ಲಾರಿ ನಿಲ್ಲುವ ಕಡೆ. ಮೇಲೆ ಕೂತವರಿಗೂ ಗೋಡೌನಿನ ಕಡೆ ಉದ್ದದ ಕಿಟಕಿ. ಪಶ್ಚಿಮದ ಗೋಡೆಯ ಮುಂದೆ ಮೂರಡಿ ಜಾಗ ಬಿಟ್ಟು ಮಣ್ಣಿನ ಜಾಲಿ ಇಟ್ಟಿಗೆಯ ಪರದೆ ಕಟ್ಟಿದೆವು. ಬಿಸಿಲು ಅದಕ್ಕೆ ಬಡಿದು ಅಲ್ಲೇ ನಿಲ್ಲುತ್ತದೆ. ಓನರ್ ಕೇಳಿದ್ದ ಎಲಿವೇಷನ್ನೂ ಅದೇ ಆಯಿತು. ಹೆಂಗಸರ ಟಾಯ್ಲೆಟ್ ಕೆಳಗೆ ಇರಲೇ ಇಲ್ಲ. ಆ ಚಿಕ್ಕ ರೂಮಿಗೆ ಎರಡು ಪ್ಯಾಲೆಟ್ ಜಾಗ ಹೋಗುತ್ತೆ ಅಂತ ಓನರ್ ಗೊಣಗಿದರು. ಇದೊಂದರಲ್ಲಿ ನಾನು ಬಗ್ಗಲಿಲ್ಲ.

ಗುಮಾಸ್ತರು ಈಗಲೂ ದಿನಕ್ಕೆ ಎರಡು ಸಲ ಮೆಟ್ಟಿಲು ಹತ್ತುತ್ತಾರೆ. ಕಾಫಿ ಮಷಿನ್ ಮೇಲೇ ಉಳಿದಿದೆ.

ಕೊನೆಗೆ ಆ ಕಟ್ಟೆ. ಲಾರಿಗೆ ಮಾಲು ತುಂಬಲು ನಾಲ್ಕಡಿ ಎತ್ತರದ ಕಟ್ಟೆ ಕಟ್ಟಿಸಿದೆ. ಪುಸ್ತಕದ ಪ್ರಕಾರ ಸರಿ, ಕಂಟೇನರಿನ ತಳಕ್ಕೆ ಹೊಂದುತ್ತದೆ. ನಿಂತು ನೋಡಿದ ಆ ವಾರ ಹೊರಗಿನಿಂದ ಮಾಲು ಬರುವ ವಾರವಾಗಿತ್ತು, ದೊಡ್ಡ ಗಾಡಿಗಳೇ ಕಣ್ಣಿಗೆ ಬಿದ್ದಿದ್ದವು. ಆದರೆ ಮಾಲು ಹೊರಗೆ ಹೋಗುವುದು ಬಹುಪಾಲು ಚೋಟಾ ಹಾತಿಯಲ್ಲಿ, ಪಿಕಪ್‌ನಲ್ಲಿ. ಅವುಗಳ ತಳ ಸೊಂಟದ ಮಟ್ಟಕ್ಕೂ ಬರುವುದಿಲ್ಲ. ಶುರುವಾದ ಮೊದಲ ದಿನವೇ ಹಮಾಲರು 25 ಕಿಲೋ ಡಬ್ಬ ಹಿಡಿದು ಕಟ್ಟೆಯಂಚಿನಿಂದ ಬಗ್ಗಿ ಬಗ್ಗಿ ಕೆಳಗಿಳಿಸುತ್ತಿದ್ದರು. ನನಗೆ ಅಲ್ಲಿ ನಿಲ್ಲಲಾಗಲಿಲ್ಲ. ತಿಂಗಳೊಳಗೆ ಕಟ್ಟೆಯ ಒಂದು ತುದಿಯನ್ನು ಕಟರ್ ಹಾಕಿ ಕೊಯ್ಸಿ, ಎರಡೂವರೆ ಅಡಿಗೆ ಇಳಿಸಿ, ಪ್ಯಾಲೆಟ್ ಟ್ರಕ್ ಇಳಿಯಲು ಒಳಗಿನಿಂದ ಇಳಿಜಾರು ಮಾಡಿಸಿದೆ, ನನ್ನ ಖರ್ಚಲ್ಲಿ. ಕೊಯ್ದ ಅಂಚಿನ ಗುರುತು ಇನ್ನೂ ಕಾಣುತ್ತದೆ. ಈಗ ದಿನದ ಗಾಡಿಗಳಲ್ಲಿ ಹೆಚ್ಚಿನವು ಅಲ್ಲೇ ನಿಲ್ಲುವುದು. ಹಮಾಲರು ಅದಕ್ಕೆ ‘ಇಂಜಿನಿಯರ್ ಕಟ್ಟೆ’ ಅಂತ ಹೆಸರಿಟ್ಟಿದ್ದಾರಂತೆ. ನನ್ನೆದುರಿಗೆ ಇನ್ನೂ ಯಾರೂ ಹಾಗೆ ಕರೆದಿಲ್ಲ.